ರಾಜೀನಾಮೆಯ ಎರಡನೇ ಪ್ರತಿ

ತಂಡ ತೀರಾ ಕೆಟ್ಟದಾಗಿದ್ದರೆ ಅದರ ಅಭಿಮಾನಿ ಹೇಗೋ ಬದುಕಿಕೊಳ್ಳುತ್ತಾನೆ. ವರ್ಷಕ್ಕೊಮ್ಮೆ ಕಣ್ಣೀರು ಹಾಕಿ, ನಾಲ್ಕು ಜನರಿಂದ ಸಮಾಧಾನ ಹೇಳಿಸಿಕೊಂಡು ಹಗುರಾಗುತ್ತಾನೆ. ತಂಡ ತುಂಬಾ ಒಳ್ಳೆಯದಾಗಿದ್ದರಂತೂ ಅವನನ್ನು ಹಿಡಿಯುವವರೇ ಇಲ್ಲ. ಆದರೆ ಇಪ್ಪತ್ತು ತಂಡಗಳಲ್ಲಿ ಇಪ್ಪತ್ನಾಲ್ಕು ವರ್ಷ ಒಂದೇ ಸಮನೆ ಹನ್ನೊಂದನೇ ಸ್ಥಾನದಲ್ಲಿ ಕೂತಿರುವ ತಂಡವನ್ನು ಪ್ರೀತಿಸುವವನ ಪಾಡು ಯಾರಿಗೂ ಬೇಡ. ಅಳೋಣವೆಂದರೆ ಮುಳುಗಿಲ್ಲ, ನಗೋಣವೆಂದರೆ ತೇಲಿಲ್ಲ. ಸೋಮವಾರದ ಪತ್ರಿಕೆಯಲ್ಲಿ ಅಂಕಪಟ್ಟಿ ಅಚ್ಚಾದಾಗ ಹನ್ನೊಂದನೇ ಸಾಲು ಸರಿಯಾಗಿ ಹಾಳೆಯ ಮಡಿಕೆಯ ಮೇಲೆ ಬರುತ್ತಿತ್ತು. ತಂಡದ ಹೆಸರನ್ನು ಓದಬೇಕಾದರೂ ಉಗುರಿನಿಂದ ಮಡಿಕೆ ಬಿಡಿಸಬೇಕು.

ಅಂಥ ಪಾಡು ತ್ರಿಪ್ರತಿಯವರದು. ಅದು ಹೆತ್ತವರು ಇಟ್ಟ ಹೆಸರಲ್ಲ, ಕಚೇರಿಯವರು ಇಟ್ಟದ್ದು. ನಗರದ ಬಸ್ ಡಿಪೋದ ನೆಲಮಾಳಿಗೆಯಲ್ಲಿ ‘ಕಳೆದುಹೋದ ವಸ್ತುಗಳ ವಿಭಾಗ’ ಎಂಬ ಕೋಣೆಯಿದೆ. ಪ್ರಯಾಣಿಕರು ಬಸ್ಸಿನಲ್ಲಿ ಮರೆತದ್ದೆಲ್ಲ ಅಲ್ಲಿಗೆ ಬರುತ್ತದೆ: ಮುನ್ನೂರ ಹನ್ನೆರಡು ಛತ್ರಿ, ಒಂಟಿ ಚಪ್ಪಲಿಗಳು, ಕನ್ನಡಕಗಳು, ತಂತಿಯಿಲ್ಲದ ಒಂದು ಪಿಟೀಲು, ಎರಡು ಸೆಟ್ ಕಟ್ಟಿಸಿದ ಹಲ್ಲು. ಇವಕ್ಕೆಲ್ಲ ಏಕೈಕ ಗುಮಾಸ್ತರು ಅವರು. ಇಪ್ಪತ್ನಾಲ್ಕು ವರ್ಷದ ಹಿಂದೆ ಈ ಊರಿಗೆ ಬಂದು ಸೇವೆಗೆ ಸೇರಿದ ಮೊದಲ ತಿಂಗಳಲ್ಲೇ ಒಂದು ಛತ್ರಿಯನ್ನು ಬರವಣಿಗೆಯಿಲ್ಲದೆ ಯಾರಿಗೋ ಕೊಟ್ಟುಬಿಟ್ಟು, ಮಾರನೆಯ ದಿನ ಅದರ ನಿಜವಾದ ಒಡೆಯ ಮಳೆಯಲ್ಲಿ ನೆನೆದುಕೊಂಡು ಬಂದು ನಿಂತಾಗ ಅವರಿಗೆ ಆದ ನಡುಕ ಇನ್ನೂ ಪೂರ್ತಿ ಇಳಿದಿಲ್ಲ. ಅಂದಿನಿಂದ ಏನು ಬರೆದರೂ ಎರಡು ಕಾರ್ಬನ್ ಹಾಳೆ ಇಟ್ಟು ಮೂರು ಪ್ರತಿ. ಮೊದಲನೆಯದು ಯಾರಿಗೆ ಬರೆದದ್ದೋ ಅವರಿಗೆ, ಎರಡನೆಯದು ಕಚೇರಿಯ ಕಾಗದವಾದರೆ ಮೇಲಧಿಕಾರಿಯ ಟ್ರೇಗೆ, ಮೂರನೆಯದು ತಮ್ಮ ಕಡತಕ್ಕೆ. ಹಾಲಿನವನಿಗೆ ‘ನಾಳೆ ಹಾಲು ಬೇಡ’ ಎಂದು ಚೀಟಿ ಬರೆದರೂ ಮೂರು ಪ್ರತಿಯೇ. ಅದರ ಎರಡನೇ ಪ್ರತಿ ಒಮ್ಮೆ ಕೈತಪ್ಪಿ ದೊಡ್ಡ ಮೇಡಂ ಅವರ ಟ್ರೇಗೆ ಹೋಗಿ, ‘ಅಂಗೀಕರಿಸಲಾಗಿದೆ’ ಎಂಬ ಸಹಿಯೊಂದಿಗೆ ವಾಪಸು ಬಂದಿತ್ತು. ಆಗ ಎಲ್ಲರೂ ನಕ್ಕು ಮರೆತರು. ಮರೆಯಬಾರದಿತ್ತು.

ದೊಡ್ಡ ಮೇಡಂ ಎಂದರೆ ಡಿಪೋದ ಮುಖ್ಯಾಧಿಕಾರಿ. ದಿನಕ್ಕೆ ಇನ್ನೂರು ಕಾಗದ ನೋಡಬೇಕಾದವರು. ಅವರು ಪ್ರತಿ ಕಾಗದದಲ್ಲೂ ‘ವಿಷಯ’ ಎಂಬ ಒಂದು ಸಾಲನ್ನು ಮಾತ್ರ ಓದುತ್ತಿದ್ದರು. “ವಿಷಯದ ಕೆಳಗಿರೋದೆಲ್ಲ ಬರೀ ವಿಷಯಾಂತರ ಕಣ್ರೀ” ಎನ್ನುವುದು ಅವರ ಆಡಳಿತ ಸೂತ್ರ. ಈ ಸೂತ್ರದಿಂದ ಡಿಪೋದ ಬಸ್ಸುಗಳು ಸಮಯಕ್ಕೆ ಸರಿಯಾಗಿ ಓಡುತ್ತಿದ್ದವು ಎಂಬುದನ್ನೂ ಹೇಳಬೇಕು.

ಆ ಭಾನುವಾರ ಋತುವಿನ ಕೊನೆಯ ಪಂದ್ಯದ ಹಿಂದಿನ ಪಂದ್ಯ. ಮುಗಿಯಲು ಹತ್ತು ನಿಮಿಷವಿರುವಾಗ ನಮ್ಮವರು ಒಂದು ಗೋಲಿನಿಂದ ಮುಂದಿದ್ದರು. ತ್ರಿಪ್ರತಿಯವರು ಮೂರನೇ ಸಾಲಿನ ಮರದ ಬೆಂಚಿನ ಮೇಲೆ ಉಸಿರು ಬಿಗಿಹಿಡಿದು ಕೂತಿದ್ದರು. ಆಗ ಎದುರಾಳಿಗಳಿಗೆ ಪೆನಾಲ್ಟಿ ಸಿಕ್ಕಿತು. ಒದೆಯುವವನೊಬ್ಬ, ತಡೆಯುವ ಗೋಲ್‌ಕೀಪರ್ ಒಬ್ಬರು, ನಡುವೆ ಹನ್ನೆರಡು ಹೆಜ್ಜೆ.

“ಎಡಕ್ಕೆ ಹಾರಬೇಡಪ್ಪಾ,” ಎಂದು ತ್ರಿಪ್ರತಿಯವರು ಬೇಡಿಕೊಂಡರು. “ಇದೊಂದ್ಸಲ ಎಡಕ್ಕೆ ಹಾರಬೇಡ.”

ಗೋಲ್‌ಕೀಪರ್ ಎಡಕ್ಕೆ ಹಾರಿದರು. ಚೆಂಡು ಆರಾಮವಾಗಿ ಬಲಗಡೆಯಿಂದ ಒಳಗೆ ಹೋಯಿತು. ಕಳೆದ ಹದಿನೇಳು ವರ್ಷಗಳಿಂದ ಹೀಗೇ. ಪಂದ್ಯ ಒಂದು-ಒಂದಕ್ಕೆ ಮುಗಿಯಿತು. ಈಗ ಕೊನೆಯ ಪಂದ್ಯ ಗೆದ್ದರೆ ಹತ್ತನೇ ಸ್ಥಾನ, ಡ್ರಾ ಆದರೆ ಹನ್ನೊಂದು, ಸೋತರೆ ಹನ್ನೆರಡು. ಯಾವುದು ಆಗುತ್ತದೆಂದು ಆಡಿ ನೋಡಬೇಕಾದ ಅಗತ್ಯವೂ ಇರಲಿಲ್ಲ.

ಮನೆಗೆ ಬಂದವರೇ ತ್ರಿಪ್ರತಿಯವರು ಚಪ್ಪಲಿ ಬಿಡದೆ ಮೇಜಿನ ಮುಂದೆ ಕೂತರು. ಎರಡು ಕಾರ್ಬನ್ ಜೋಡಿಸಿದರು. ಪ್ರತಿ ಋತುವಿನಲ್ಲೂ ಕ್ಲಬ್ಬಿಗೆ ಏಳೆಂಟು ಸಲಹಾ ಪತ್ರಗಳನ್ನು ಬರೆಯುವುದು ಅವರ ರೂಢಿ. ಒಂದಕ್ಕೂ ಉತ್ತರ ಬಂದಿರಲಿಲ್ಲ. ಇದು ಸಲಹೆಯಲ್ಲ.

‘ವಿಷಯ: ರಾಜೀನಾಮೆ. ಮಾನ್ಯರೇ, ಇಪ್ಪತ್ನಾಲ್ಕು ವರ್ಷಗಳಿಂದ ಬಿಸಿಲು ಮಳೆ ಎನ್ನದೆ ಹಾಜರಾಗಿರುತ್ತೇನೆ. ಈ ಅವಧಿಯಲ್ಲಿ ಯಾವುದೇ ಪ್ರಗತಿ ಕಂಡುಬಂದಿರುವುದಿಲ್ಲ. ಗೋಲ್‌ಕೀಪರ್ ಅವರು ಪ್ರತಿ ಪೆನಾಲ್ಟಿಗೂ ಎಡಕ್ಕೇ ಹಾರುತ್ತಿದ್ದು, ಈ ಸಂಗತಿ ಎದುರಾಳಿಗಳಿಗೆ, ಅವರ ಮಕ್ಕಳಿಗೆ ಹಾಗೂ ಮೈದಾನದ ನಾಯಿಗೆ ತಿಳಿದಿರುತ್ತದೆ. ಆದ್ದರಿಂದ ಬರುವ ಶನಿವಾರದಿಂದ ಜಾರಿಗೆ ಬರುವಂತೆ ನನ್ನನ್ನು ಅಭಿಮಾನಿ ಸ್ಥಾನದಿಂದ ಬಿಡುಗಡೆ ಮಾಡಬೇಕಾಗಿ ಕೋರುತ್ತೇನೆ.’

“ಬಿಟ್ಟೆ,” ಎಂದು ಅಡುಗೆಮನೆಯತ್ತ ಕೂಗಿ ಹೇಳಿದರು. “ಇವತ್ತಿಗೆ ಮುಗೀತು ಕಣೆ.”

ಹೆಂಡತಿ ಬಾಗಿಲಿಗೆ ಬಂದು ನೋಡಿದರು. “ಹೋದ್ಸಲಾನೂ ಹಾಗೇ ಅಂದಿದ್ರಿ.”

“ಹೋದ್ಸಲ ಬಾಯಲ್ಲಿ ಅಂದಿದ್ದೆ. ಈ ಸಲ ಬರವಣಿಗೇಲಿ.”

“ಮೂರು ಪ್ರತೀನಾ?”

“ಮತ್ತೆ?”

“ಹಾಗಾದ್ರೆ ನಿಜ,” ಎಂದು ಹೆಂಡತಿ ಒಳಗೆ ಹೋದರು.

ಸೋಮವಾರ ಬೆಳಿಗ್ಗೆ ಮೊದಲ ಪ್ರತಿ ಅಂಚೆಪೆಟ್ಟಿಗೆಗೆ ಬಿತ್ತು. ಕಚೇರಿ ಸೇರಿ, ವಾರದ ಛತ್ರಿ ವರದಿಯ ಎರಡನೇ ಪ್ರತಿಯನ್ನು ದೊಡ್ಡ ಮೇಡಂ ಅವರ ಟ್ರೇಯಲ್ಲಿ ಇಡುವಾಗ, ತ್ರಿಪ್ರತಿಯವರ ತಲೆಯಲ್ಲಿ ಪೆನಾಲ್ಟಿಯೇ ಓಡುತ್ತಿತ್ತು. ತಲೆ ಎಲ್ಲೋ ಇದ್ದಾಗ ಕೈ ತನಗೆ ಅಭ್ಯಾಸವಿದ್ದದ್ದನ್ನು ಮಾಡುತ್ತದೆ. ಎರಡನೇ ಪ್ರತಿ ಎಂದರೆ ಟ್ರೇ. ವರದಿಯ ಜೊತೆ ರಾಜೀನಾಮೆಯೂ ಹೋಗಿ ಕೂತಿತು.

ಹನ್ನೊಂದು ಗಂಟೆಗೆ ದೊಡ್ಡ ಮೇಡಂ ಅದನ್ನು ಕೈಗೆತ್ತಿಕೊಂಡರು. ವಿಷಯ ಓದಿದರು. ಕೆಳಗೆ ಪರಿಚಿತ ಸಹಿ ಕಂಡರು. ಒಂದು ನಿಟ್ಟುಸಿರು ಬಿಟ್ಟು ‘ಅಂಗೀಕರಿಸಲಾಗಿದೆ’ ಎಂದು ಬರೆದು ಮುಂದಿನ ಕಾಗದಕ್ಕೆ ಹೋದರು. ಅಲ್ಲಿಂದ ಅದು ಸಿಬ್ಬಂದಿ ವಿಭಾಗಕ್ಕೆ ಹೋಯಿತು. ಅಲ್ಲಿನ ಗುಮಾಸ್ತೆಗೆ ಬೇಕಾದದ್ದು ಒಂದೇ, ಜಾರಿಯ ದಿನಾಂಕ. ‘ಶನಿವಾರ’ ಎಂಬುದು ಸಿಕ್ಕಿತು. ಆಕೆ ಮಿಕ್ಕದ್ದನ್ನು ಓದುವ ಗೋಜಿಗೆ ಹೋಗದೆ, ದೊಡ್ಡ ಮೇಡಂ ಸಹಿ ಹಾಕಿದ ಮೇಲೆ ಓದುವುದು ಅಧಿಕಪ್ರಸಂಗವಾದೀತೆಂದು, ನೋಟಿಸು ಟೈಪು ಮಾಡಿ ಮೇಲಿನ ಹಜಾರದ ಬೋರ್ಡಿಗೆ ಅಂಟಿಸಿದರು.

ನೆಲಮಾಳಿಗೆಯಲ್ಲಿ ಕೂತವರಿಗೆ ಮೇಲಿನ ಬೋರ್ಡು ಕಾಣುವುದಿಲ್ಲ.

ಮಂಗಳವಾರ ಬೆಳಿಗ್ಗೆ ಡ್ರೈವರೊಬ್ಬ ಒಂದು ಒಂಟಿ ಚಪ್ಪಲಿ ಒಪ್ಪಿಸಲು ಬಂದವನು ಚಪ್ಪಲಿ ಕೆಳಗಿಟ್ಟು ತ್ರಿಪ್ರತಿಯವರ ಕೈ ಹಿಡಿದುಕೊಂಡ.

“ಸಾರ್, ಇಪ್ಪತ್ನಾಲ್ಕು ವರ್ಷ! ಹೇಗೆ ಸಾರ್ ಮನಸ್ಸು ಬಂತು?”

ಸುದ್ದಿ ಇಷ್ಟು ಬೇಗ ಹರಡಿತೇ ಎಂದು ತ್ರಿಪ್ರತಿಯವರಿಗೆ ಒಳಗೊಳಗೇ ಹೆಮ್ಮೆಯಾಯಿತು. ಊರಿನವರು ತಮ್ಮ ಅಭಿಮಾನವನ್ನು ಗಮನಿಸಿದ್ದಾರೆ! “ಏನ್ ಮಾಡೋದಪ್ಪಾ. ಎಷ್ಟು ವರ್ಷ ಅಂತ ನೋಡೋದು? ಒಂದು ಮೆಟ್ಟಿಲು ಮೇಲೆ ಹೋಗಿಲ್ಲ, ಒಂದು ಮೆಟ್ಟಿಲು ಕೆಳಗೆ ಬಂದಿಲ್ಲ.”

“ನಿಜ ಸಾರ್. ನೆಲಮಾಳಿಗೇಲೇ ಕೂರಿಸಿಬಿಟ್ರು.”

“ಹಾಗೇ ಅನ್ನಬಹುದು. ಇನ್ಮೇಲೆ ಭಾನುವಾರ ಮನೇಲಿ ಹಾಯಾಗಿರ್ತೀನಿ.”

“ಭಾನುವಾರ ಒಂದೇನಾ ಸಾರ್!” ಎಂದು ಡ್ರೈವರು ಕಣ್ಣೊರೆಸಿಕೊಂಡು ಹೋದ. ಬುಧವಾರದ ಹೊತ್ತಿಗೆ ಕಂಡಕ್ಟರುಗಳು, ವರ್ಕ್‌ಶಾಪಿನವರು, ಬಸ್ ತೊಳೆಯುವ ಹೆಂಗಸರು, ಎಲ್ಲರೂ ಬಂದು ಹೋದರು. ಎಲ್ಲರಿಗೂ ತ್ರಿಪ್ರತಿಯವರು ಗಂಭೀರವಾಗಿ ‘ಮನಸ್ಸು ಕಲ್ಲು ಮಾಡ್ಕೊಂಡೆ’ ಎಂದರು. ಜೀವನದಲ್ಲಿ ಮೊದಲ ಬಾರಿಗೆ ಅವರು ಯಾವುದೋ ಒಂದರಲ್ಲಿ ಮೊದಲ ಸ್ಥಾನದಲ್ಲಿದ್ದರು.

ಬುಧವಾರ ಸಂಜೆ ಪಕ್ಕದ ಮನೆಯ ಹೊಲಿಗೆಯಂತ್ರ ರಿಪೇರಿಯವರು ಬಂದರು. ಅವರ ಷಡ್ಡಕ ಡಿಪೋದಲ್ಲಿ ಟೈರು ಬದಲಿಸುವವನು. ಬಂದವರು ಕೂರಲಿಲ್ಲ, ತ್ರಿಪ್ರತಿಯವರ ಹೆಗಲ ಮೇಲೆ ಎಣ್ಣೆಯ ಕೈ ಇಟ್ಟರು.

“ಸ್ವಾಮಿ, ಧೈರ್ಯ ಬಿಡಬೇಡಿ. ನಾಳೆಯಿಂದಲೇ ನನ್ನ ಅಂಗಡೀಲಿ ಬಂದು ಕೂತ್ಕೊಳ್ಳಿ. ಬಾಬಿನ್‌ಗೆ ದಾರ ಸುತ್ತೋದು ಎರಡು ದಿನದಲ್ಲಿ ಕಲ್ತುಬಿಡ್ತೀರಿ.”

“ನಾನ್ಯಾಕೆ ದಾರ ಸುತ್ತಲಿ?”

“ಮತ್ತೆ ಇಡೀ ದಿನ ಏನ್ ಮಾಡ್ತೀರಿ? ಕೆಲಸಕ್ಕೆ ರಾಜೀನಾಮೆ ಕೊಟ್ಟಿದೀರಲ್ಲ! ನೋಟಿಸ್ ಬೋರ್ಡ್‌ಗೆ ಹಾಕಿದಾರಂತೆ.”

ಒಳಗಿಂದ ಒಂದು ಲೋಟ ಬಿದ್ದ ಸದ್ದು ಕೇಳಿಸಿತು. ಅದು ಅತ್ತೆಯವರ ಕೈಯದು. ಹೆಂಡತಿಯ ತಾಯಿ ಮಗಳ ಮನೆಯಲ್ಲೇ ಇದ್ದವರು. ಅಳಿಯನ ಕೆಲಸದ ಮೇಲೆ ಅವರಿಗೆ ಅಪಾರ ಗೌರವ, ಅಳಿಯನ ಮೇಲೆ ಅಷ್ಟಕ್ಕಷ್ಟೆ. ನಿಧಾನವಾಗಿ ಹೊರಗೆ ಬಂದರು.

“ಅಳಿಯಂದ್ರೇ, ಆ ಕೈಯಿರೋ ಕುರ್ಚಿಯಿಂದ ಸ್ವಲ್ಪ ಏಳ್ತೀರಾ?”

“ಯಾಕತ್ತೆ?”

“ಅದು ಕೆಲಸದಿಂದ ದಣಿದು ಬರೋರಿಗೆ ಅಂತ ತಂದಿದ್ದು.”

ತ್ರಿಪ್ರತಿಯವರು ಎದ್ದರು. ಕಾಲು ಎದ್ದವೇ ಹೊರತು ತಲೆ ಇನ್ನೂ ಎದ್ದಿರಲಿಲ್ಲ. ಸೋಮವಾರದ ಟ್ರೇ, ಛತ್ರಿ ವರದಿ, ಅದರ ಕೆಳಗಿನ ಹಾಳೆ, ಒಂದೊಂದಾಗಿ ಕಣ್ಣ ಮುಂದೆ ಬಂದವು. ಓಡಿಹೋಗಿ ಚೀಲ ತೆಗೆದು ನೋಡಿದರು. ಕಡತಕ್ಕೆಂದು ಇಟ್ಟಿದ್ದ ಮೂರನೇ ಪ್ರತಿ ಇತ್ತು. ಎರಡನೆಯದು ಇರಲಿಲ್ಲ.

ಹೆಂಡತಿ ಬಾಗಿಲಿಗೊರಗಿ ನಿಂತಿದ್ದರು. “ಭಾನುವಾರ ತಂಡಕ್ಕೆ. ಸೋಮವಾರ ಕೆಲಸಕ್ಕೆ. ಮುಂದಿನ ಪ್ರತಿ ನನಗಾ?”

“ಅಯ್ಯೋ, ಇಲ್ಲ ಕಣೆ! ಇದೆಲ್ಲ ಗೋಲ್‌ಕೀಪರ್ ಎಡಕ್ಕೆ ಹಾರಿದ್ದರಿಂದ ಆಗಿದ್ದು!”

“ಅವರು ಮೈದಾನದಲ್ಲಿ ಹಾರಿದ್ರೆ ನೀವು ಕಚೇರಿಯಿಂದ ಯಾಕ್ರೀ ಹಾರಬೇಕಿತ್ತು?”

ತ್ರಿಪ್ರತಿಯವರು ಮೂರನೇ ಪ್ರತಿಯನ್ನು ಮಡಿಸಿ ಚೀಲಕ್ಕೆ ಹಾಕಿದರು.

ಗುರುವಾರ ಬೆಳಿಗ್ಗೆ ಅವರು ಹಜಾರದಲ್ಲಿ ಬೋರ್ಡಿನ ಮುಂದೆ ನಿಂತು ತಮ್ಮ ಹೆಸರನ್ನು ಮೂರು ಸಲ ಓದಿದರು. ಕೆಳಗೆ ಕೋಣೆಯಲ್ಲಿ ಆಗಲೇ ಸಿಬ್ಬಂದಿ ವಿಭಾಗದ ಗುಮಾಸ್ತೆ ಛತ್ರಿ ಎಣಿಸುತ್ತಿದ್ದರು. ಹಸ್ತಾಂತರದ ಪಟ್ಟಿ ಆಗಬೇಕಂತೆ.

“ಇನ್ನೂರ ಎಂಟು, ಇನ್ನೂರ ಒಂಬತ್ತು... ಮಾತಾಡಿಸಬೇಡಿ ಸಾರ್. ಆಗಲೇ ಎರಡು ಸಲ ತಪ್ಪಿತು.”

“ನಾನು ರಾಜೀನಾಮೆ ಕೊಟ್ಟಿದ್ದು ಕಚೇರಿಗಲ್ಲಮ್ಮ, ಫುಟ್‌ಬಾಲ್ ತಂಡಕ್ಕೆ!”

ಗುಮಾಸ್ತೆ ಎಣಿಕೆ ನಿಲ್ಲಿಸಿ ಕನಿಕರದಿಂದ ನೋಡಿದರು. “ನೀವು ಫುಟ್‌ಬಾಲ್ ಆಡ್ತಿದ್ರಾ ಸಾರ್? ಗೊತ್ತೇ ಇರ್ಲಿಲ್ಲ. ಈಗ ಮತ್ತೆ ಒಂದರಿಂದ ಎಣಿಸಬೇಕು.”

ದೊಡ್ಡ ಮೇಡಂ ಅವರ ಕೋಣೆಯಲ್ಲಿ ತ್ರಿಪ್ರತಿಯವರು ಬೆವರಿದರು.

“ಮೇಡಂ, ಒಂದು ಸಣ್ಣ ತಪ್ಪಾಗಿದೆ.”

“ಯಾರದು?”

“ನನ್ನದೇ ಮೇಡಂ. ಆ ಕಾಗದ...”

“ನೀವು ವಿಷಯ ಏನು ಅಂತ ಬರ್ದಿದ್ರಿ?”

“ರಾಜೀನಾಮೆ, ಮೇಡಂ.”

“ನಾನು ಅಂಗೀಕರಿಸಿದ್ದೇನು?”

“ರಾಜೀನಾಮೆ, ಮೇಡಂ.”

“ಮತ್ತೆ ತಪ್ಪೆಲ್ಲಿದೆ?”

ತ್ರಿಪ್ರತಿಯವರು ತಡವರಿಸುತ್ತ ಎಲ್ಲವನ್ನೂ ಹೇಳಿದರು. ತಂಡ, ಹನ್ನೊಂದನೇ ಸ್ಥಾನ, ಪೆನಾಲ್ಟಿ, ಕೈಯ ಅಭ್ಯಾಸ. ಮೇಡಂ ಕನ್ನಡಕ ತೆಗೆದು ಒರೆಸಿದರು. ಅವರು ಕೆಟ್ಟವರಲ್ಲ. ಆದರೆ ಹತ್ತೊಂಬತ್ತು ವರ್ಷದಲ್ಲಿ ಅವರ ಸಹಿ ಒಮ್ಮೆಯೂ ವಾಪಸು ಬಂದದ್ದಿರಲಿಲ್ಲ. ಕಾಗದವನ್ನು ತರಿಸಿ, ವಿಷಯದ ಸಾಲಿನಿಂದ ಕೆಳಗಿಳಿಯದೆ ಒಂದು ಸಾಲು ಮೇಲೆ ಹೋದರು.

“ಇದು ನನಗೆ ಬರೆದದ್ದೇ ಅಲ್ಲ. ಕ್ಲಬ್ಬಿನ ಕಾರ್ಯದರ್ಶಿಗೆ ಬರೆದದ್ದು. ನಮ್ಮ ಹತ್ರ ಇರೋದು ಪ್ರತಿ. ಮೂಲ ಕಾಗದವನ್ನ ಅವರು ತಿರಸ್ಕರಿಸಿದ್ರೆ ಪ್ರತಿ ತಾನಾಗೇ ಬಿದ್ದುಹೋಗುತ್ತೆ, ನನ್ನ ಸಹಿಗೂ ಏನೂ ಆಗಲ್ಲ. ಶನಿವಾರ ಸಂಜೆ ಐದರೊಳಗೆ ಬರವಣಿಗೇಲಿ ತನ್ನಿ. ಐದು ಗಂಟೆ ಒಂದು ನಿಮಿಷಕ್ಕೆ ನೀವು ಈ ಕಟ್ಟಡದಲ್ಲಿ ಸಾರ್ವಜನಿಕರು.”

“ಒಂದು ವೇಳೆ ಅವರೂ ಅಂಗೀಕರಿಸಿಬಿಟ್ಟಿದ್ರೆ, ಮೇಡಂ?”

“ಆಗ ಎರಡೂ ಕಡೆ ಕಾಗದಪತ್ರ ಸರಿಯಾಗಿರುತ್ತೆ.”

ಹೀಗೆ ಯಾವ ತಂಡದ ಮುಖ ನೋಡುವುದಿಲ್ಲವೆಂದು ಬರೆದುಕೊಟ್ಟಿದ್ದರೋ ಅದೇ ತಂಡದ ಬಾಗಿಲಿಗೆ, ‘ದಯವಿಟ್ಟು ನನ್ನನ್ನು ಬಿಡಬೇಡಿ’ ಎಂದು ಕೇಳಿಕೊಳ್ಳಲು ತ್ರಿಪ್ರತಿಯವರು ಶುಕ್ರವಾರ ಸಂಜೆ ಹೊರಟರು. ಹೊರಡುವಾಗ ಅತ್ತೆಯವರು ಕಿಟಕಿ ಒರೆಸುವ ಬಟ್ಟೆಯೊಂದನ್ನು ಎದುರಿಗೆ ಹಿಡಿದಿದ್ದರು. “ಬಂದ್ಮೇಲೆ ಒರೆಸ್ತೀನಿ ಅತ್ತೆ” ಎಂದು ತಪ್ಪಿಸಿಕೊಂಡರು. ಹೆಂಡತಿ ಮಾತ್ರ ಚೀಲಕ್ಕೆ ಬಿಳಿ ಹಾಳೆ, ಕಾರ್ಬನ್, ಪೆನ್ನು ಹಾಕಿ ಕೈಗೆ ಕೊಟ್ಟರು. “ಅವರ ಹತ್ರ ಇರೋದು ಅನುಮಾನ” ಎಂದರು.

ದಾರಿಯುದ್ದಕ್ಕೂ ಅವರು ಭಾಷಣ ಸಿದ್ಧಪಡಿಸಿದರು. ಕ್ಲಬ್ಬಿನವರು ಸಿಟ್ಟಾಗಿರುತ್ತಾರೆ. ‘ನಾಯಿಗೆ ತಿಳಿದಿರುತ್ತದೆ’ ಎಂದು ಬೇರೆ ಬರೆದಿದ್ದೇನೆ. ಆ ಒಂದು ಸಾಲು ಇಲ್ಲದಿದ್ದರೆ!

ಕ್ಲಬ್ಬಿನ ಕಚೇರಿ ಎಂದರೆ ಮೈದಾನದ ಮೆಟ್ಟಿಲುಗಳ ಕೆಳಗಿನ ಇಳಿಜಾರು ಸೂರಿನ ಕೋಣೆ. ಅರ್ಧ ಕೋಣೆಯಲ್ಲಿ ನಿಲ್ಲಬಹುದು, ಇನ್ನರ್ಧದಲ್ಲಿ ಬಗ್ಗಬೇಕು. ಕಾರ್ಯದರ್ಶಿ ವೃತ್ತಿಯಲ್ಲಿ ಬೀಗ ರಿಪೇರಿಯವರು. ಕ್ಲಬ್ಬಿನ ಬೀರುವಿಗೆ ಬೀಗವೇ ಇರಲಿಲ್ಲ, ಸರಿಮಾಡಲೆಂದು ಅವರೇ ಬಿಚ್ಚಿಕೊಂಡು ಹೋಗಿ ಆರು ವರ್ಷವಾಗಿತ್ತು. ಅವರ ಪಕ್ಕ ಗೋಲ್‌ಕೀಪರ್ ತಲೆ ತಗ್ಗಿಸಿ ಕೂತಿದ್ದರು. ವಾರವೆಲ್ಲ ಕಿಟಕಿಗಳಿಗೆ ಗಾಜು ಕೂರಿಸುವವರು. ಕೈಯಿಂದ ಏನೂ ಜಾರಬಾರದ ಕಸುಬು, ಶನಿವಾರದವರೆಗೆ ಜಾರುತ್ತಲೂ ಇರಲಿಲ್ಲ. ಅವರ ಕೈಯಲ್ಲಿ ರಾಜೀನಾಮೆಯ ಮೊದಲ ಪ್ರತಿಯಿತ್ತು.

“ಯಾರು ಬೇಕಿತ್ತು?” ಎಂದರು ಕಾರ್ಯದರ್ಶಿ.

“ನಾನು... ಆ ಕಾಗದ ಬರೆದವನು.”

ಕಾರ್ಯದರ್ಶಿ ಗಡಬಡಿಸಿ ಎದ್ದು ಇಳಿಜಾರು ಸೂರಿಗೆ ತಲೆ ಹೊಡೆಸಿಕೊಂಡರು. “ಪತ್ರದವರು! ಅಯ್ಯೋ, ಪತ್ರದವರು ಬಂದ್ರು! ಕೂತ್ಕೊಳ್ಳಿ ಸಾರ್. ಅಲ್ಲಿ ಬೇಡ, ಆ ಬೆಂಚಿಗೆ ಮೂರೇ ಕಾಲು.”

ಗೋಲ್‌ಕೀಪರ್ ಎದ್ದು ನಿಂತರು. ಗಾಜಿನ ಗೀರುಗಳಿದ್ದ ದೊಡ್ಡ ಕೈಗಳಿಂದ ಕಾಗದವನ್ನು ಮುಂದೆ ಚಾಚಿದರು. “ಸಾರ್, ನೀವೇ ಹೇಳಿದ್ರಿ. ನೀವು ಹೇಳಿದ ಹಾಗೇ ಮಾಡಿದೀನಿ. ಈಗ ಅದೇ ಕಾರಣಕ್ಕೆ ಬಿಟ್ಟು ಹೋಗ್ತೀನಿ ಅಂದ್ರೆ ಹೇಗೆ ಸಾರ್?”

“ನಾನೇನು ಹೇಳಿದ್ದೆ?”

ಗೋಲ್‌ಕೀಪರ್ ಬೀರು ತೆರೆದರು. ಒಳಗೆ ದಾರ ಕಟ್ಟಿದ ಇಪ್ಪತ್ನಾಲ್ಕು ಕಟ್ಟುಗಳಿದ್ದವು. ಪ್ರತಿ ಕಟ್ಟಿನ ಮೇಲೂ ವರ್ಷ ಬರೆದಿತ್ತು. ಅಷ್ಟೂ ಪತ್ರಗಳು, ಒಂದೂ ಬಿಡದೆ. ಅದರಿಂದ ಒಂದನ್ನು ತಡಕಾಡದೆ ತೆಗೆದರು, ಮಡಿಕೆಗಳೆಲ್ಲ ಸವೆದು ಹೋಗಿದ್ದವು. ತ್ರಿಪ್ರತಿಯವರು ತಮ್ಮದೇ ಹದಿನೇಳು ವರ್ಷದ ಹಿಂದಿನ ಅಕ್ಷರವನ್ನು ಓದಿದರು: ‘ಪೆನಾಲ್ಟಿಯ ಸಮಯದಲ್ಲಿ ಗೋಲ್‌ಕೀಪರ್ ಅವರು ಗೊಂದಲ ಮಾಡಿಕೊಳ್ಳದೆ ಎಡಕ್ಕೆ ಹಾರತಕ್ಕದ್ದು.’

ನೆನಪಾಯಿತು. ಆ ವಾರ ಎದುರಾಳಿ ತಂಡದಲ್ಲಿ ಯಾವಾಗಲೂ ಅದೇ ಕಡೆಗೆ ಒದೆಯುವ ಒಬ್ಬನಿದ್ದ. ಅವನಿಗಾಗಿ ಬರೆದದ್ದು. ‘ಈ ಪಂದ್ಯದಲ್ಲಿ ಮಾತ್ರ’ ಎಂಬ ಮೂರು ಪದ ಬಿಟ್ಟುಹೋಗಿತ್ತು. ಮೂರು ಪ್ರತಿ ಬರೆದರೂ ಮೂರರಲ್ಲೂ ಬಿಟ್ಟುಹೋಗಿತ್ತು.

“ಯಾಕೆ ಸ್ವಾಮಿ, ಒಂದು ಸಲವಾದರೂ ಬಲಕ್ಕೆ ಹಾರಬಾರದಿತ್ತಾ?”

“ಬರವಣಿಗೇಲಿ ಇದೆಯಲ್ಲ ಸಾರ್. ಬದಲಾವಣೆ ಬರಲಿಲ್ಲವಲ್ಲ.”

ಹದಿನೇಳು ವರ್ಷ ಅವರು ಮೂರನೇ ಸಾಲಿನಲ್ಲಿ ಕೂತು ಬೈದದ್ದೆಲ್ಲ ತಮ್ಮನ್ನೇ. “ಹಾಗಾದ್ರೆ ತಂಡ ಹನ್ನೊಂದರಲ್ಲೇ ಉಳಿದಿದ್ದು ನನ್ನಿಂದ,” ಎಂದರು ಕ್ಷೀಣವಾಗಿ.

“ಮತ್ತೆ? ನಿಮ್ಮಿಂದಲೇ!” ಎಂದರು ಕಾರ್ಯದರ್ಶಿ, ಕಣ್ಣು ಅರಳಿಸಿ. “ನೀವು ಈ ಊರಿಗೆ ಬರೋಕೆ ಮುಂಚೆ ನಾವು ಹತ್ತೊಂಬತ್ತು ಸಾರ್. ಅದಕ್ಕೂ ಹಿಂದೆ ಇಪ್ಪತ್ತು. ಜನ ಬೆಂಚು ಬಿಚ್ಚಿಕೊಂಡು ಹೋಗೋಕೆ ಮಾತ್ರ ಮೈದಾನಕ್ಕೆ ಬರ್ತಿದ್ರು. ಕ್ಲಬ್ ಮುಚ್ಚೋಣ ಅಂತ ಸಭೆ ಕರೆದಿದ್ವಿ, ಅವತ್ತೇ ನಿಮ್ಮ ಮೊದಲನೇ ಪತ್ರ ಬಂತು. ‘ಥ್ರೋ ಮಾಡುವಾಗ ಎರಡೂ ಕಾಲು ನೆಲದ ಮೇಲಿರತಕ್ಕದ್ದು.’ ನಮಗೆ ಅದೇ ಗೊತ್ತಿರ್ಲಿಲ್ಲ! ನೀವು ಹೇಳಿದ ಹಾಗೆ ಆಡಿದ್ವಿ, ಆ ವರ್ಷವೇ ಹನ್ನೊಂದು. ಅವತ್ತಿಂದ ಕೆಳಗೆ ಇಳಿದಿಲ್ಲ.”

“ಒಂದು ಉತ್ತರ ಬರೀಬಹುದಿತ್ತಲ್ಲ.”

“ಬರ್ದಿದೀವಿ!” ಕಾರ್ಯದರ್ಶಿ ಮೇಜಿನ ಡ್ರಾಯರನ್ನು ಎರಡು ಸಲ ಗುದ್ದಿ ಎಳೆದರು. ಹಳದಿಯಾದ ಲಕೋಟೆಯೊಂದು ಸಿಕ್ಕಿತು. ವಿಳಾಸವಿತ್ತು, ಅಂಟಿಸಿತ್ತು, ಅಂಚೆಚೀಟಿಯೂ ಇತ್ತು. “ನಿಮ್ಮ ಮೂರನೇ ವರ್ಷದಲ್ಲಿ. ಪೆಟ್ಟಿಗೆಗೆ ಹಾಕೋಕೆ ಮರೆತ್ವಿ ಸಾರ್.”

ಬಸ್ಸಿನಲ್ಲಿ ಮರೆತದ್ದನ್ನೆಲ್ಲ ಒಡೆಯರಿಗೆ ಸೇರಿಸುವುದೇ ಬದುಕಾಗಿದ್ದವರಿಗೆ, ಅವರದೇ ಒಂದು ವಸ್ತು ಇಪ್ಪತ್ತೊಂದು ವರ್ಷ ತಡವಾಗಿ ಕೈ ಸೇರಿತು. ಒಳಗೆ ಎರಡೇ ಸಾಲು: ‘ನೀವು ಬರೆಯುತ್ತಿರುವುದಕ್ಕೆ ತಂಡದ ಪರವಾಗಿ ವಂದನೆಗಳು. ದಯವಿಟ್ಟು ನಿಲ್ಲಿಸಬೇಡಿ.’ ತ್ರಿಪ್ರತಿಯವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಆದರೂ ಮಂಜುಮಂಜಾಗಿಯೇ ಕಂಡಿತು.

ಭಾಷಣವೆಲ್ಲ ಮರೆತುಹೋಯಿತು. ನಡೆದದ್ದನ್ನು ಇದ್ದ ಹಾಗೆ ಹೇಳಿ, “ನನ್ನ ರಾಜೀನಾಮೆ ತಿರಸ್ಕರಿಸಬೇಕು” ಎಂದು ಕೈ ಮುಗಿದರು.

“ತಿರಸ್ಕರಿಸಿದೀವಿ!” ಎಂದರು ಕಾರ್ಯದರ್ಶಿ. “ಬರೆದು ಕೊಡೋಕೆ ಹಾಳೆ ಮಾತ್ರ ಇಲ್ಲ.”

ತ್ರಿಪ್ರತಿಯವರು ಮನಸ್ಸಿನಲ್ಲೇ ಹೆಂಡತಿಯನ್ನು ನೆನೆದು ಚೀಲ ತೆರೆದರು. ತಮ್ಮ ರಾಜೀನಾಮೆಯ ತಿರಸ್ಕಾರವನ್ನು ತಾವೇ ಮುತ್ತಿನಂಥ ಅಕ್ಷರದಲ್ಲಿ ಬರೆದರು, ಕಾರ್ಯದರ್ಶಿ ಸಹಿ ಹಾಕಿದರು. ಅಷ್ಟರಲ್ಲಿ ಗೋಲ್‌ಕೀಪರ್ ಕೆಮ್ಮಿದರು.

“ಸಾರ್, ಹಾಗೇ ನನಗೂ ಒಂದು... ಭಾನುವಾರ ಯಾವ ಕಡೆ?”

“ನಿಮ್ಮ ವಿವೇಚನೆಗೆ ಬಿಟ್ಟದ್ದು.”

“ವಿವೇಚನೆ ಎಲ್ಲ ಬೇಡ ಸಾರ್. ಒಂದು ಕಡೆ ಹೇಳಿ.”

ತ್ರಿಪ್ರತಿಯವರು ಬೆವರೊರೆಸಿಕೊಂಡು ಬರೆದರು. ‘ವಿಷಯ: ಹಾರುವ ದಿಕ್ಕಿನ ತಿದ್ದುಪಡಿ. ಹದಿನೇಳು ವರ್ಷಗಳ ಹಿಂದಿನ ಸೂಚನೆಯನ್ನು ಈ ಮೂಲಕ ವಿಷಾದದೊಂದಿಗೆ ಹಿಂಪಡೆಯಲಾಗಿದೆ. ಈ ಭಾನುವಾರದ ಪಂದ್ಯದಲ್ಲಿ, ಈ ಪಂದ್ಯದಲ್ಲಿ ಮಾತ್ರ, ಬಲಕ್ಕೆ ಹಾರತಕ್ಕದ್ದು.’ ‘ಮಾತ್ರ’ದ ಕೆಳಗೆ ಎರಡು ಗೆರೆ ಎಳೆದರು.

ಶನಿವಾರ ನಾಲ್ಕೂವರೆಗೆ ತಿರಸ್ಕಾರ ಪತ್ರ ದೊಡ್ಡ ಮೇಡಂ ಅವರ ಮುಂದಿತ್ತು. ಅವರು ವಿಷಯ ಓದಿದರು, ‘ರಾಜೀನಾಮೆಯ ತಿರಸ್ಕಾರ.’ ‘ಅಂಗೀಕರಿಸಲಾಗಿದೆ’ ಎಂದು ಬರೆದರು. ಅಲ್ಲಿಗೆ ಮುಗಿಯಿತು.

ಆದರೆ ಹಜಾರದಲ್ಲಿ ಬೀಳ್ಕೊಡುಗೆಗೆ ಕುರ್ಚಿ ಜೋಡಿಸಿ ಆಗಿತ್ತು. ಡ್ರೈವರುಗಳು ಸಮವಸ್ತ್ರ ಇಸ್ತ್ರಿ ಮಾಡಿಸಿಕೊಂಡು ಬಂದಿದ್ದರು. ಬಸ್ ತೊಳೆಯುವ ಹೆಂಗಸರು ಒಂದು ಗೋಡೆ ಗಡಿಯಾರ ಹಿಡಿದು ನಿಂತಿದ್ದರು. ಅದರ ಮೇಲೆ ‘ಇಪ್ಪತ್ನಾಲ್ಕು ವರ್ಷಗಳ ಸೇವೆಗೆ ಕೃತಜ್ಞತೆಯಿಂದ’ ಎಂದು ಕೊರೆಸಿಬಿಟ್ಟಿದ್ದರು, ಅಂಗಡಿಯವನು ವಾಪಸು ತೆಗೆದುಕೊಳ್ಳುವುದಿಲ್ಲ. “ಹೋಗದೇ ಇರೋದಕ್ಕೆ ಕೊಟ್ಟಿದೀವಿ ಅಂದ್ಕೊಳ್ಳಿ ಸಾರ್” ಎಂದ ಒಂಟಿ ಚಪ್ಪಲಿ ತಂದಿದ್ದ ಡ್ರೈವರು. ಸಿಬ್ಬಂದಿ ವಿಭಾಗದ ಗುಮಾಸ್ತೆ ಭಾಷಣ ಮಾಡಿದರು: “ಮುನ್ನೂರ ಹನ್ನೆರಡು ಛತ್ರಿ. ನಾಲ್ಕು ಸಲ ಎಣಿಸಿದೆ. ಪಟ್ಟಿಯಲ್ಲಿ ಎಷ್ಟಿತ್ತೋ ಅಷ್ಟೇ ಇದ್ದವು. ನನಗೆ ಇನ್ನೇನೂ ಹೇಳೋಕೆ ಬರಲ್ಲ.” ತ್ರಿಪ್ರತಿಯವರಿಗೆ ಅದಕ್ಕಿಂತ ದೊಡ್ಡ ಹೊಗಳಿಕೆ ಯಾರೂ ಹೇಳಿರಲಿಲ್ಲ. ಉತ್ತರ ಕೊಡಲು ಎದ್ದವರು ಗಡಿಯಾರವನ್ನು ಅಪ್ಪಿಕೊಂಡು ಹಾಗೇ ಕೂತುಬಿಟ್ಟರು.

ಮನೆಯಲ್ಲಿ ಅತ್ತೆಯವರು ಗಡಿಯಾರವನ್ನು ತಿರುಗಿಸಿ ನೋಡಿ, ಕೊರೆದದ್ದನ್ನು ಓದಿ, ಕೈಯಿರುವ ಕುರ್ಚಿಯನ್ನು ಸೆರಗಿನಿಂದ ಒರೆಸಿದರು. “ಕೂತ್ಕೊಳ್ಳಿ ಅಳಿಯಂದ್ರೇ, ದಣಿದು ಬಂದಿದೀರಿ.”

ಭಾನುವಾರ ಹೆಂಡತಿಯೂ ಮೈದಾನಕ್ಕೆ ಬಂದರು. “ನನ್ನ ಗಂಡ ಯಾರಿಗೋಸ್ಕರ ಕೆಲಸ ಬಿಡೋಕೆ ಹೊರಟಿದ್ರು ಅಂತ ಒಂದ್ಸಲ ನೋಡ್ಬೇಕು” ಎಂದರು. ಎಂಬತ್ತೆಂಟು ನಿಮಿಷ ನೋಡಿದರು. ಎರಡೂ ಕಡೆ ಗೋಲಿಲ್ಲ. ಎಂಬತ್ತೊಂಬತ್ತನೇ ನಿಮಿಷದಲ್ಲಿ ಎದುರಾಳಿಗಳಿಗೆ ಪೆನಾಲ್ಟಿ ಸಿಕ್ಕಿತು.

ಮೈದಾನವೆಲ್ಲ ನರಳಿತು. ಒದೆಯುವವನು ನಗುನಗುತ್ತಲೇ ಚೆಂಡು ಇಟ್ಟ. ಆಗ ಗೋಲ್‌ಕೀಪರ್ “ಒಂದು ನಿಮಿಷ” ಎಂಬಂತೆ ಕೈ ಎತ್ತಿ, ಬಗ್ಗಿ, ಕಾಲುಚೀಲದೊಳಗಿಂದ ನಾಲ್ಕಾಗಿ ಮಡಿಸಿದ ಹಾಳೆಯೊಂದನ್ನು ತೆಗೆದರು. ಬಿಡಿಸಿ ಓದಿದರು. ‘ಮಾತ್ರ’ದ ಕೆಳಗಿನ ಎರಡು ಗೆರೆಯ ಮೇಲೆ ಬೆರಳಾಡಿಸಿದರು. ಮತ್ತೆ ಮಡಿಸಿ ಒಳಗಿಟ್ಟುಕೊಂಡರು.

ಚೆಂಡು ಹದಿನೇಳು ವರ್ಷದ ಅಭ್ಯಾಸದಂತೆ ಬಲಗಡೆಗೆ ಹೊರಟಿತು. ಗೋಲ್‌ಕೀಪರ್ ಅಲ್ಲಿಗೇ ಹಾರಿದರು. ಗಾಜಿನ ಹಲಗೆಯನ್ನು ಹಿಡಿಯುವಷ್ಟು ಮೆತ್ತಗೆ ಎರಡೂ ಕೈಯಲ್ಲಿ ಹಿಡಿದುಕೊಂಡರು.

ಮುಂದಿನ ಸದ್ದು ಹೇಗಿತ್ತೆಂದರೆ, ಮೈದಾನದ ಮೂರು ಕಾಲಿನ ಬೆಂಚುಗಳೆಲ್ಲ ಒಟ್ಟಿಗೆ ಬಿದ್ದವು. ತ್ರಿಪ್ರತಿಯವರು ಹೆಂಡತಿಯನ್ನು ತಬ್ಬಿಕೊಂಡರು. ತಬ್ಬಿಕೊಂಡದ್ದು ತಿಳಿದೊಡನೆ ಕೈ ಬಿಟ್ಟರು. ಹೆಂಡತಿಯೇ “ಇರ್ಲಿ ಬಿಡಿ” ಎಂದರು. ಮರುನಿಮಿಷವೇ ನಮ್ಮ ಮುಂಪಡೆಯ ಆಟಗಾರನೊಬ್ಬ ಖಾಲಿ ಗೋಲಿನೆದುರು ಚೆಂಡನ್ನು ಆಕಾಶಕ್ಕೆ ಒದ್ದು ಪಂದ್ಯವನ್ನು ಡ್ರಾ ಮಾಡಿದ. ಹನ್ನೊಂದನೇ ಸ್ಥಾನ. ಯಾರಿಗೂ ಬೇಸರವಾಗಲಿಲ್ಲ.

ಆ ಸಂಜೆ ತ್ರಿಪ್ರತಿಯವರು ಎರಡು ಕಾರ್ಬನ್ ಜೋಡಿಸಿ ಕ್ಲಬ್ಬಿಗೆ ಪತ್ರ ಬರೆದರು. ‘ವಿಷಯ: ಕೃತಜ್ಞತೆ.’ ಹೆಂಡತಿ ಎರಡನೇ ಪ್ರತಿಯನ್ನು ಚೀಲದ ಬೇರೆ ಖಾನೆಗೆ ಹಾಕಿ ಪಿನ್ನು ಚುಚ್ಚಿದರು. “ಇದು ಎಲ್ಲೂ ಹೋಗಕೂಡದು.”

ಸೋಮವಾರ ಹತ್ತೂವರೆಗೆ ತ್ರಿಪ್ರತಿಯವರು ಚೀಲ ನೋಡಿಕೊಂಡರು. ಪಿನ್ನು ಮಾತ್ರ ಇತ್ತು. ಮೆಟ್ಟಿಲುಗಳನ್ನು ಎರಡೆರಡಾಗಿ ಹತ್ತಿ ಓಡಿ ದೊಡ್ಡ ಮೇಡಂ ಅವರ ಬಾಗಿಲಿಗೆ ಬಂದಾಗ ಕಾಗದ ಆಗಲೇ ಅವರ ಕೈಯಲ್ಲಿತ್ತು.

ಮೇಡಂ ವಿಷಯದ ಸಾಲಿನ ಮೇಲೆ ತುಂಬಾ ಹೊತ್ತು ನಿಂತರು. ಹತ್ತೊಂಬತ್ತು ವರ್ಷದಲ್ಲಿ ಆ ವಿಷಯದ ಕಾಗದ ಅವರ ಟ್ರೇಗೆ ಬಂದದ್ದು ಇದೇ ಮೊದಲು. ಕನ್ನಡಕ ಸರಿಮಾಡಿಕೊಂಡು ಕೆಳಗಿನ ಸಾಲಿಗೆ ಇಳಿದರು. ಅಲ್ಲಿಂದ ಇನ್ನೊಂದಕ್ಕೆ. ಕಾಲುಚೀಲದ ವಿಷಯ ಬಂದಾಗ ತುಟಿ ಕಚ್ಚಿಕೊಂಡರು. ಹಾಳೆಯ ಕೊನೆಯವರೆಗೂ ಓದಿ, ಹಿಂದೆ ಏನಾದರೂ ಇದೆಯೇ ಎಂದು ತಿರುಗಿಸಿಯೂ ನೋಡಿದರು.

“ಕೊನೆಗೆ ಎಷ್ಟನೇ ಸ್ಥಾನ ಅಂತ ಬರ್ದೇ ಇಲ್ಲವಲ್ರೀ?”

“ಹನ್ನೊಂದು, ಮೇಡಂ.”

ದೊಡ್ಡ ಮೇಡಂ ಪೆನ್ನು ತೆಗೆದು, ಅಂಚಿನಲ್ಲಿ ಅದನ್ನು ತಾವೇ ಸೇರಿಸಿ, ಕೆಳಗೆ ಬರೆದರು: ‘ಅಂಗೀಕರಿಸಲಾಗಿದೆ.’